ತುಂಬೆಯ ಬೀಜವೂ ಮಳೆಯ ಹನಿಯೂ

ಹಳ್ಳಿಗಾಡಿನಲ್ಲಿ ಬೆಳೆದವರಿಗೆ ತುಂಬೆಯ ಗಿಡವನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಮುಂಗಾರಿನ ಮೊದಲ ಹದಮಳೆಗಳು ಬಿದ್ದು ಕೆಲವು ವಾರಗಳಾಗುವಷ್ಟರಲ್ಲಿ ಹೊಲದ ಬದು, ಬೇಲಿಯ ಮಗ್ಗುಲು, ಕೆರೆಯ ಏರಿ, ಕೊನೆಗೆ ಹಾದಿಯ ಬದಿಯ ಜಲ್ಲಿಕಲ್ಲಿನ ನಡುವೆಯೂ ಅದು ಯಾರ ಅಪ್ಪಣೆಗೂ ಕಾಯದೆ ತಲೆಯೆತ್ತುತ್ತದೆ. ಶಿವಪೂಜೆಗೆ ಪ್ರಶಸ್ತವೆಂದು ನಮ್ಮವರು ಆರಿಸಿಕೊಂಡಿರುವ ಬಿಳಿಯ ಪುಟ್ಟ ಹೂವು ಇದರದೇ. ತುಮಕೂರು ಎಂಬ ಹೆಸರು ‘ತುಂಬೆಯೂರು’ ಎಂಬುದರಿಂದ ಬಂದಿತೆಂದು ಹೇಳುವವರಿದ್ದಾರೆ. ತುಮುಕಿಯೆಂಬ ವಾದ್ಯದಿಂದ ಬಂದಿತೆಂದು ವಾದಿಸುವವರೂ ಇದ್ದಾರೆ. ಈ ವಾದವನ್ನು ಭಾಷಾಶಾಸ್ತ್ರಜ್ಞರಿಗೆ ಬಿಟ್ಟುಬಿಡೋಣ. ಈ ಸೀಮೆಯ ಕೆಮ್ಮಣ್ಣಿಗೂ ತುಂಬೆಗೂ ಹಳೆಯ ನಂಟುಂಟೆಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿರಲಾರದು.

ತಾನಾಗಿ ಬೆಳೆಯುವ ಇಂತಹ ಗಿಡವನ್ನು ಬೇಕೆಂದೇ ಬಿತ್ತಿ ಬೆಳೆಸಬಹುದೇ? ಬೆಳೆಸಿ ಆಗಬೇಕಾದುದೇನು? ಈ ಎರಡು ಪ್ರಶ್ನೆಗಳು ನಮ್ಮ ಮುಂದೆ ಎದ್ದುನಿಂತದ್ದು ಹಿರೇಹಳ್ಳಿಯಲ್ಲಿ.

ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ಹಿರೇಹಳ್ಳಿ ಸಿಕ್ಕುತ್ತದೆ. ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಗೆ ಸೇರಿದ ಪ್ರಯೋಗ ಕೇಂದ್ರವೊಂದು ಇಲ್ಲಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಕೆಂದೊಳೆಯ ಹಲಸಿನ ಮರವನ್ನು ಗುರುತಿಸಿ, ಅದಕ್ಕೆ ‘ಸಿದ್ದು’ ಎಂದು ಹೆಸರಾಗಿ, ಅದರ ಕಸಿಗಿಡಗಳು ನಾಡಿನಲ್ಲೆಲ್ಲ ಹರಡುವಂತಾದದ್ದು ಈ ಕೇಂದ್ರದ ಮೂಲಕವೇ. ಅಂತಹ ಕೀರ್ತಿವಂತ ಮರಗಳ ಊರಿನಲ್ಲಿ ನಾವು ಬೆಳೆಸಹೊರಟದ್ದು ಮೊಳಕಾಲೆತ್ತರವನ್ನೂ ಮೀರದ ಒಂದು ಕಳೆಯನ್ನು! ಪಕ್ಕದ ಹೊಲದ ಹಿರಿಯರೊಬ್ಬರು ಬೇಲಿಯ ಆಚೆ ನಿಂತು, “ಏನ್ ಮೇಷ್ಟ್ರೇ, ನಾವು ಕಿತ್ತು ಬಿಸಾಕೋದನ್ನ ನೀವು ಬಿತ್ತೋಕೆ ಹೊರಟಿದೀರಲ್ಲ!” ಎಂದು ನಕ್ಕರು. ಅವರ ನಗು ನ್ಯಾಯವಾದದ್ದೇ. ಆದರೆ ನಮಗೆ ಬೇರೆ ದಾರಿ ತೋರಿರಲಿಲ್ಲ.

ಮಿತ್ರರೊಬ್ಬರ ಮನೆಯ ಹಿಂದೆ ಸುಮಾರು ಒಂದು ಗುಂಟೆಯಷ್ಟು ಇಳಿಜಾರು ನೆಲವಿದೆ. ಅಲ್ಲಿ ಎತ್ತರವಾದ ನಾಲ್ಕು ಹೊಂಗೆಯ ಮರಗಳಿವೆ. ಮರಗಳ ಕೆಳಗಿನ ನೆಲವನ್ನು ದಿನವೂ ಗುಡಿಸಿ, ತರಗೆಲೆಯನ್ನು ಸುಟ್ಟು, ಚೊಕ್ಕಟವಾಗಿ ಇಟ್ಟಿದ್ದರು. ಪ್ರತಿ ಮಳೆಗೂ ಅಲ್ಲಿಂದ ಕುಂಕುಮದ ಬಣ್ಣದ ನೀರು ಹರಿದು ಹೋಗುತ್ತಿತ್ತು. ವರ್ಷದಿಂದ ವರ್ಷಕ್ಕೆ ಮರದ ಬೇರುಗಳು ಹೊರಗೆ ಕಾಣಿಸತೊಡಗಿದ್ದುವು; ಮನೆಯ ಹಿಂಗೋಡೆಯ ತಳಪಾಯದ ಕಲ್ಲುಗಳೂ ತಲೆಹಾಕಿದ್ದುವು. “ಮರಗಳಿದ್ದರೆ ಮಣ್ಣು ಕೊಚ್ಚಿಹೋಗುವುದಿಲ್ಲ ಎನ್ನುತ್ತೀರಲ್ಲ, ಇಲ್ಲೇಕೆ ಹೋಗುತ್ತಿದೆ?” ಎಂದು ಮಿತ್ರರು ಕೇಳಿದರು. ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಈ ಪ್ರಶ್ನೆಯನ್ನು ಸಸ್ಯಶಾಸ್ತ್ರಜ್ಞರ ತಲೆಗೆ ಕಟ್ಟಿ ಜಾರಿಕೊಳ್ಳಲು ಸಾಧ್ಯವಿರಲಿಲ್ಲ. ಏಕೆಂದರೆ ಇದು ಬೀಳುವ ವಸ್ತುಗಳಿಗೆ ಸಂಬಂಧಿಸಿದ ಪ್ರಶ್ನೆ.

ಮಳೆಹನಿಯ ಪೆಟ್ಟು

ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಆ ನೀರು ಸರಿಯಾಗಿ ಒಂದು ಲೀಟರು. ಒಂದು ಗುಂಟೆಯೆಂದರೆ ಸುಮಾರು ೧೦೧ ಚದರ ಮೀಟರು. ಒಂದು ಸಂಜೆ ೫೦ ಮಿಲಿಮೀಟರು ಮಳೆ ಸುರಿಯಿತೆನ್ನಿ. ಆ ಗುಂಟೆಯ ಮೇಲೆ ಬಿದ್ದ ನೀರಿನ ಮೊತ್ತ ೫೦೦೦ ಲೀಟರಿಗೂ ಹೆಚ್ಚು. ತೂಕದಲ್ಲಿ ಐದು ಟನ್ನು!

ಈ ಐದು ಟನ್ನು ನೀರು ಎಷ್ಟು ವೇಗದಿಂದ ನೆಲಕ್ಕೆ ಬಡಿಯುತ್ತದೆ? ಗಾಳಿಯ ತಡೆಯೇ ಇಲ್ಲದಿದ್ದರೆ, ಒಂದು ಕಿಲೋಮೀಟರು ಎತ್ತರದಿಂದ ಬಿದ್ದ ಹನಿ ಸೆಕೆಂಡಿಗೆ ೧೪೦ ಮೀಟರು, ಎಂದರೆ ಗಂಟೆಗೆ ೫೦೦ ಕಿಲೋಮೀಟರಿನ ವೇಗದಿಂದ ನಮ್ಮ ತಲೆಯ ಮೇಲೆ ಎರಗುತ್ತಿತ್ತು. ಹಾಗಾಗದಿರುವುದು ವಾಯುಮಂಡಲದ ಕೃಪೆ. ಹನಿಯ ವೇಗ ಏರಿದಂತೆಲ್ಲ ಗಾಳಿಯ ತಡೆಯೂ ಏರುತ್ತದೆ. ತಡೆ ಹನಿಯ ತೂಕಕ್ಕೆ ಸಮನಾದೊಡನೆ ವೇಗ ಮುಂದಕ್ಕೆ ಹೆಚ್ಚದೆ ಸ್ಥಿರವಾಗಿ ನಿಲ್ಲುತ್ತದೆ. ಒಂದು ಮಿಲಿಮೀಟರು ವ್ಯಾಸದ ಹನಿಗೆ ಈ ಅಂತಿಮ ವೇಗ ಸೆಕೆಂಡಿಗೆ ಸುಮಾರು ೪ ಮೀಟರು. ಐದು ಮಿಲಿಮೀಟರಿನ ದಪ್ಪ ಹನಿಗೆ ಸುಮಾರು ೯ ಮೀಟರು.

ಬಿರುಮಳೆಯಲ್ಲಿ ಸರಾಸರಿ ೭ ಮೀಟರೆಂದು ಇಟ್ಟುಕೊಂಡರೆ, ಶಾಲೆಯಲ್ಲಿ ಕಲಿತ ಸೂತ್ರದಂತೆ ಆ ಐದು ಟನ್ನು ನೀರಿನ ಚಲನಶಕ್ತಿ ಸುಮಾರು ೧,೨೦,೦೦೦ ಜೂಲು. ಐವತ್ತು ಕಿಲೋಗ್ರಾಂ ತೂಕದ ಒಂದು ಸಿಮೆಂಟು ಚೀಲವನ್ನು ನೆಲದಿಂದ ಸುಮಾರು ೨೫೦ ಮೀಟರು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಇಷ್ಟೇ. ಒಂದೇ ಸಂಜೆ, ಒಂದೇ ಗುಂಟೆಯ ಮೇಲೆ, ಇಷ್ಟು ಶಕ್ತಿ ಲಕ್ಷಾಂತರ ಸಣ್ಣ ಪೆಟ್ಟುಗಳಾಗಿ ಬೀಳುತ್ತದೆ. ಪ್ರತಿಯೊಂದು ಹನಿಯೂ ಬೋಳು ನೆಲಕ್ಕೆ ಬಡಿದು ಮಣ್ಣಿನ ಹೆಂಟೆಯನ್ನು ಒಡೆದು, ಕಣಗಳನ್ನು ಸುತ್ತಲೂ ಸಿಡಿಸುತ್ತದೆ. ಇಳಿಜಾರಿನಲ್ಲಿ ಹೀಗೆ ಸಿಡಿದ ಕಣಗಳು ಹೆಚ್ಚಾಗಿ ಕೆಳಮಗ್ಗುಲಿಗೇ ಬೀಳುತ್ತವೆ. ನಯವಾದ ಜೇಡಿಯ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗುವುದಕ್ಕೆ ಬದಲಾಗಿ ಮೇಲೆಯೇ ಹರಿಯುತ್ತದೆ. ಸಡಿಲವಾದ ಮಣ್ಣನ್ನು ಹೊತ್ತೊಯ್ಯುವ ಕೆಲಸ ಮಾತ್ರ ಹರಿಯುವ ನೀರಿನದು. ಸಡಿಲಿಸುವ ಕೆಲಸವನ್ನು ಹನಿ ಆಗಲೇ ಮುಗಿಸಿರುತ್ತದೆ. ಹನಿಯ ಪೆಟ್ಟಿನ ಈ ಮಹತ್ವವನ್ನು ಅಮೆರಿಕದ ಎಲಿಸನ್ ಎಂಬ ವಿಜ್ಞಾನಿ ೧೯೪೦ರ ದಶಕದಲ್ಲಿ ಪ್ರಯೋಗಗಳ ಮೂಲಕ ತೋರಿಸಿಕೊಟ್ಟನು.

ಮರವಿದ್ದರೆ ಸಾಲದೇ?

ಮರದ ಎಲೆಗಳು ಹನಿಯನ್ನು ತಡೆಯುವುದಿಲ್ಲವೇ ಎಂದು ವಾಚಕರು ಕೇಳಬಹುದು. ತಡೆಯುತ್ತವೆ, ನಿಜ. ಆದರೆ ಎಲೆಯ ಮೇಲೆ ಸಣ್ಣ ಹನಿಗಳು ಒಂದುಗೂಡುತ್ತವೆ; ಎಲೆಯ ತುದಿಯಿಂದ ಅವು ದಪ್ಪ ಹನಿಗಳಾಗಿ ತೊಟ್ಟಿಕ್ಕುತ್ತವೆ. ಎಂಟು ಹತ್ತು ಮೀಟರು ಕೆಳಗೆ ಬೀಳುವಷ್ಟರಲ್ಲಿ ಅಂತಹ ಹನಿ ತನ್ನ ಅಂತಿಮ ವೇಗದ ಬಹುಪಾಲನ್ನು ಮರಳಿ ಗಳಿಸಿರುತ್ತದೆ. ಕಾಡಿನಲ್ಲಿ ಮಣ್ಣು ಉಳಿಯುವುದು ಎತ್ತರದ ಮರಗಳೊಂದರಿಂದಲೇ ಅಲ್ಲ; ಮರದಡಿಯ ತರಗೆಲೆ, ಪೊದೆ, ಸಣ್ಣ ಗಿಡಗಳ ಹೊದಿಕೆಯಿಂದ. ನಮ್ಮ ಮಿತ್ರರು ಆ ಹೊದಿಕೆಯನ್ನೇ ಗುಡಿಸಿ ಸುಟ್ಟಿದ್ದರು.

ಈಗ ನೆಲದಿಂದ ಮೂವತ್ತು ಸೆಂಟಿಮೀಟರು ಎತ್ತರದಲ್ಲಿ ಎಲೆಗಳಿರುವ ಒಂದು ಗಿಡವನ್ನು ಭಾವಿಸಿಕೊಳ್ಳಿ. ಅದರ ಎಲೆಗೆ ತಗಲಿ ನಿಂತ ನೀರು ಅಲ್ಲಿಂದ ನೆಲಕ್ಕೆ ಬೀಳುವಾಗ ಸೆಕೆಂಡಿಗೆ ೨.೪ ಮೀಟರಿನಷ್ಟು ವೇಗವನ್ನು ಮಾತ್ರ ಪಡೆಯಬಲ್ಲುದು. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಪೆಟ್ಟಿನ ಬಲ ಎಂಟನೆಯ ಒಂದು ಭಾಗಕ್ಕಿಂತಲೂ ಕಡಮೆಯಾಗುತ್ತದೆ. ಮಣ್ಣಿನ ರಕ್ಷಣೆಯಲ್ಲಿ ಕುಳ್ಳನೇ ಮೇಲು! ಮಿತ್ರರ ಪ್ರಶ್ನೆಗೆ ಉತ್ತರ ಇಲ್ಲಿ ದೊರಕಿತು.

ಏಕೆ ತುಂಬೆ?

ನೆಲ ಹೊದಿಸುವ ಗಿಡಗಳು ಸಸ್ಯೋದ್ಯಾನದ ಅಂಗಡಿಗಳಲ್ಲಿ ಬೇಕಾದಷ್ಟು ದೊರೆಯುತ್ತವೆ. ಆದರೆ ಅವುಗಳಲ್ಲಿ ಹಲವು ಹೊರದೇಶದಿಂದ ಬಂದವು. ಕೆಲವು ತೋಟದ ಬೇಲಿಯನ್ನು ದಾಟಿ ಹಳ್ಳಕೊಳ್ಳಗಳನ್ನು ಆಕ್ರಮಿಸಿಬಿಡುವ ಸ್ವಭಾವದವು. ಇನ್ನು ನೆಲವನ್ನು ಹಾಗೆಯೇ ಬಿಟ್ಟರೆ ಪಾರ್ಥೇನಿಯಂ ಬರಲು ಕಾಯುತ್ತಿರುತ್ತದೆ. ನಮಗೆ ಬೇಕಾಗಿದ್ದುದು ಈ ಮಣ್ಣಿನದೇ ಆದ, ನೀರು ಗೊಬ್ಬರಗಳನ್ನು ಕೇಳದ, ಕೀಟಗಳಿಗೂ ಉಪಕಾರಿಯಾದ ಗಿಡ.

ಸಸ್ಯಶಾಸ್ತ್ರಜ್ಞರು ತುಂಬೆಯನ್ನು ಲ್ಯೂಕಾಸ್ ಆಸ್ಪೆರಾ ಎಂದು ಕರೆಯುತ್ತಾರೆ. ಗ್ರೀಕಿನ ‘ಲ್ಯೂಕೋಸ್’ ಎಂದರೆ ಬಿಳಿ. ಲ್ಯಾಟಿನ್ನಿನ ‘ಆಸ್ಪೆರಾ’ ಎಂದರೆ ಒರಟು. ಹೂವು ಬಿಳಿ, ಮೈ ಒರಟು. ಇದು ತುಲಸಿ, ಪುದೀನಗಳ ಬಳಗಕ್ಕೆ ಸೇರಿದ್ದು. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ; ನಾಲ್ಕು ಮೂಲೆಗಳು ಕೈಗೆ ತಿಳಿಯುತ್ತವೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಗೆಣ್ಣುಗಳಲ್ಲಿ ಹೂಗಳು ಚೆಂಡಿನಂತೆ ಸುತ್ತುಗಟ್ಟಿರುತ್ತವೆ.

ಒಂದು ಹೂವನ್ನು ಮಸೂರದ ಕೆಳಗಿಟ್ಟು ನೋಡಿದರೆ ಒಂದು ಸೊಗಸಾದ ಯಂತ್ರವೇ ಕಾಣಿಸುತ್ತದೆ. ಅದಕ್ಕೆ ಎರಡು ತುಟಿಗಳು. ಕೆಳದುಟಿ ಅಗಲವಾಗಿ ಚಾಚಿದ ಜಗಲಿ; ಜೇನುಹುಳು ಬಂದು ಇಳಿಯುವುದು ಅದರ ಮೇಲೆ. ಮೇಲ್ದುಟಿ ರೋಮಗಳಿಂದ ಕೂಡಿದ ಕುಲಾವಿ. ಅದರೊಳಗೆ ನಾಲ್ಕು ಕೇಸರಗಳು ಅಡಗಿವೆ. ಕೊಳವೆಯ ತಳದಲ್ಲಿರುವ ಮಕರಂದಕ್ಕಾಗಿ ಹುಳು ತಲೆಯನ್ನು ಒಳಕ್ಕೆ ತೂರಿಸಿದಾಗ ಪರಾಗ ಅದರ ತಲೆಗೂ ಬೆನ್ನಿಗೂ ಬಳಿದುಕೊಳ್ಳುತ್ತದೆ. ತುಡುವೆ ಜೇನು, ಕೋಲುಜೇನು, ಉದ್ದ ಸೊಂಡಿಲಿನ ಚಿಟ್ಟೆಗಳು ಎಲ್ಲವೂ ಇಲ್ಲಿಗೆ ಬರುತ್ತವೆ. ಹೊಲದಲ್ಲಿ ಬೆಳೆಯ ಹೂವು ಕೆಲವೇ ದಿನ; ಉಳಿದ ದಿನಗಳಲ್ಲಿ ಈ ಹುಳುಗಳಿಗೆ ಆಸರೆ ಬದುವಿನ ಮೇಲಿನ ಇಂತಹ ಗಿಡಗಳೇ. ಬದುವನ್ನು ಪೂರ್ತಿ ಹೆರೆದು ಬೋಳಿಸಿದರೆ, ಮುಂದೆ ಕುಂಬಳ, ಹೀರೆ, ಸೂರ್ಯಕಾಂತಿಗಳು ಹೂಬಿಟ್ಟಾಗ ಪರಾಗ ಒಯ್ಯುವವರು ಎಲ್ಲಿಂದ ಬರಬೇಕು?

ಮೊದಲ ಸೋಲು

ಎರಡು ವರ್ಷಗಳ ಕೆಳಗೆ, ರೋಹಿಣಿ ಮಳೆ ಬಿದ್ದ ಮರುದಿನ, ನಾವು ಕೆಲವರು ವಿದ್ಯಾರ್ಥಿಗಳೊಡನೆ ಆ ಇಳಿಜಾರಿಗೆ ಹೋದೆವು. ಗುದ್ದಲಿಯಿಂದ ನೆಲವನ್ನು ಚೆನ್ನಾಗಿ ಕೆದಕಿ, ಸಾಲು ಹೊಡೆದು, ಹಿಂದಿನ ವರ್ಷ ಕೂಡಿಟ್ಟಿದ್ದ ತುಂಬೆಯ ಬೀಜವನ್ನು ಎರಡು ಬೆರಳು ಆಳಕ್ಕೆ ಹಾಕಿ ಮುಚ್ಚಿದೆವು. ಅವರೆಯನ್ನೂ ತೊಗರಿಯನ್ನೂ ಹಾಗೆ ಬಿತ್ತುವುದನ್ನು ಕಂಡಿದ್ದೆವಲ್ಲವೇ! ಕೊನೆಯಲ್ಲಿ ಅರ್ಧ ಪೊಟ್ಟಣ ಬೀಜ ಉಳಿಯಿತು. ಕತ್ತಲಾಗುತ್ತ ಬಂದಿದ್ದರಿಂದ ವಿದ್ಯಾರ್ಥಿಯೊಬ್ಬನು ಅದನ್ನು ಹಾಗೆಯೇ ಹಸಿನೆಲದ ಮೇಲೆ ಎರಚಿದನು. ಎಲ್ಲರೂ ಅದರ ಮೇಲೆಯೇ ನಡೆದು ಮನೆಗೆ ಹೊರಟೆವು.

ನಡುವೆ ಒಂದು ಜೋರಾದ ಮಳೆಯೂ ಕೆಲವು ದಿನಗಳ ಬಿಸಿಲೂ ಬಂದುವು. ಮೂರನೆಯ ವಾರ ಹೋಗಿ ನೋಡಿದರೆ ನಮ್ಮ ಸಾಲುಗಳಲ್ಲಿ ಒಂದು ಸಸಿಯೂ ಇಲ್ಲ. ಕೆದಕಿದ ಮಣ್ಣಿನ ಮೇಲ್ಪದರವು ಮಳೆಯ ಪೆಟ್ಟಿಗೆ ಕಲಸಿ, ಬಿಸಿಲಿಗೆ ಒಣಗಿ, ಹಪ್ಪಳದಂತೆ ಗಟ್ಟಿಯಾಗಿತ್ತು. ಬೀಜವೇ ಸತ್ತದ್ದಿರಬೇಕೆಂದು ತೀರ್ಮಾನಿಸಿ ಹಿಂದಿರುಗುವುದರಲ್ಲಿದ್ದೆವು. ಆಗ ಬೀಜ ಎರಚಿದ್ದ ಹುಡುಗನೇ ಕೂಗಿ ಕರೆದನು. ನೆಲದ ಮೇಲೆ ಹಸುರು ಬಣ್ಣದ ಹೆಜ್ಜೆಗಳು ಮೂಡಿದ್ದುವು! ಹಿಮ್ಮಡಿ, ಅಂಗಾಲು, ಒಂದೆರಡು ಕಡೆ ಹೆಬ್ಬೆರಳು ಕೂಡ. ನಾವು ಅಂದು ನಡೆದುಹೋದ ಹೆಜ್ಜೆಯ ಗುರುತುಗಳಲ್ಲಿ ಮಾತ್ರ ತುಂಬೆಯ ಸಸಿಗಳು ಒತ್ತಾಗಿ ಎದ್ದಿದ್ದುವು. ಹೆಜ್ಜೆಗಳ ನಡುವಣ ನೆಲದಲ್ಲಿ ಅಲ್ಲೊಂದು ಇಲ್ಲೊಂದು.

ಅದೇ ಬೀಜ, ಅದೇ ನೆಲ, ಅದೇ ಮಳೆ. ವ್ಯತ್ಯಾಸವೆಲ್ಲಿ?

ಹೆಜ್ಜೆಯೊಳಗಿನ ಭೌತವಿಜ್ಞಾನ

ತುಂಬೆಯ ಬೀಜದ ಉದ್ದ ಎರಡು ಎರಡೂವರೆ ಮಿಲಿಮೀಟರು ಮಾತ್ರ. ಅದರೊಳಗೆ ತುಂಬಿಟ್ಟಿರುವ ಬುತ್ತಿಯೂ ಅಷ್ಟಕ್ಕೆ ತಕ್ಕಂತೆಯೇ. ಎಲೆ ಬಿಚ್ಚಿ ಬೆಳಕನ್ನು ಕಾಣುವವರೆಗೆ ಮೊಳಕೆ ಈ ಬುತ್ತಿಯಿಂದಲೇ ಬದುಕಬೇಕು. ಅವರೆಯ ಬೀಜಕ್ಕೆ ಎರಡು ಬೆರಳು ಆಳ ಒಂದು ಆಟ. ತುಂಬೆಗೆ ಅದು ಪಾತಾಳ.

ಎರಡನೆಯದು ಸಂಪರ್ಕ. ಬೀಜ ನೀರನ್ನು ಹೀರಬೇಕಾದರೆ ಮಣ್ಣಿನ ಕಣಗಳ ಮೇಲಿರುವ ತೆಳುವಾದ ನೀರಿನ ಪೊರೆ ಅದಕ್ಕೆ ತಗಲಿಕೊಂಡಿರಬೇಕು. ಸಡಿಲ ಮಣ್ಣಿನಲ್ಲಿ ಬೀಜದ ಸುತ್ತ ಗಾಳಿಯೇ ಹೆಚ್ಚು. ಕಾಲಿನಿಂದ ಒತ್ತಿದಾಗ ಕಣಗಳು ಬೀಜಕ್ಕೆ ಅಂಟುತ್ತವೆ. ಸಣ್ಣಗಾದ ರಂಧ್ರಗಳ ಮೂಲಕ ಕೆಳಗಿನ ತೇವವು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮೇಲಕ್ಕೆ ಏರುತ್ತದೆ. ಹೆಜ್ಜೆಯ ತಗ್ಗಿನಲ್ಲಿ ಮಳೆನೀರೂ ಸ್ವಲ್ಪ ಹೊತ್ತು ಹೆಚ್ಚಾಗಿ ನಿಲ್ಲುತ್ತದೆ.

ಮೂರನೆಯದು ಬೆಳಕು. ಸಣ್ಣ ಬೀಜದ ಎಷ್ಟೋ ಕಾಡುಗಿಡಗಳಿಗೆ ಮೊಳೆಯಲು ಬೆಳಕಿನ ಸನ್ನೆ ಬೇಕು. ಇದರ ರಹಸ್ಯವನ್ನು ಬಿಡಿಸಿದವರು ಅಮೆರಿಕದ ಬೆಲ್ಟ್ಸ್‌ವಿಲ್‌ನ ಸಂಶೋಧಕರಾದ ಬೋರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು. ೧೯೫೨ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಹು ಸ್ವಾರಸ್ಯವಾದುದು. ನೆನೆದ ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕನ್ನು ಕ್ಷಣಕಾಲ ಹಾಯಿಸಿದರೆ ಅವು ಮೊಳೆಯುತ್ತವೆ. ಕೆಂಪಿನ ಬೆನ್ನಿಗೇ, ಕಣ್ಣಿಗೆ ಕಂಡೂ ಕಾಣದಂತಿರುವ ಕಡುಗೆಂಪು ಬೆಳಕನ್ನು ಹಾಯಿಸಿದರೆ ಮೊಳೆಯುವುದಿಲ್ಲ. ಮತ್ತೆ ಕೆಂಪು ಹಾಯಿಸಿದರೆ ಮೊಳೆಯುತ್ತವೆ. ಎಷ್ಟು ಸಲ ಬದಲಾಯಿಸಿದರೂ ಕೊನೆಯಲ್ಲಿ ಬಿದ್ದ ಬೆಳಕಿನ ಮಾತೇ ನಡೆಯುತ್ತದೆ. ಬೀಜದೊಳಗೆ ಒಂದು ವರ್ಣದ್ರವ್ಯವಿದ್ದು, ೬೬೦ ನ್ಯಾನೋಮೀಟರಿನ ಅಲೆ ಅದನ್ನು ಒಂದು ರೂಪಕ್ಕೂ ೭೩೦ರ ಅಲೆ ಇನ್ನೊಂದು ರೂಪಕ್ಕೂ ತಿರುಗಿಸುತ್ತದೆಯೆಂದು ಅವರು ತರ್ಕಿಸಿದರು. ಮುಂದೆ ಅದಕ್ಕೆ ಫೈಟೋಕ್ರೋಮ್ ಎಂದು ಹೆಸರಾಯಿತು.

ಇದರಿಂದ ಬೀಜಕ್ಕೇನು ಲಾಭ? ಹಸುರೆಲೆಗಳು ಬಿಸಿಲಿನ ಕೆಂಪನ್ನು ಹೀರಿ ಕಡುಗೆಂಪನ್ನು ಕೆಳಕ್ಕೆ ಬಿಟ್ಟುಕೊಡುತ್ತವೆ. ಆದುದರಿಂದ ಬೇರೆ ಗಿಡಗಳ ನೆರಳಿನಲ್ಲಿ ಬಿದ್ದಿರುವ ಬೀಜಕ್ಕೆ ‘ಇಲ್ಲಿ ಎಡೆಯಿಲ್ಲ, ಮಲಗಿರು’ ಎಂಬ ಸನ್ನೆ ದೊರೆಯುತ್ತದೆ. ಬಯಲಿನಲ್ಲಿರುವ ಬೀಜಕ್ಕೆ ‘ನೆಲ ಬರಿದಾಗಿದೆ, ಏಳು’ ಎಂಬ ಸನ್ನೆ. ಮಣ್ಣಿನೊಳಕ್ಕೆ ಬೆಳಕು ಇಳಿಯುವುದು ಕೆಲವೇ ಮಿಲಿಮೀಟರು. ಎರಡು ಬೆರಳು ಆಳದಲ್ಲಿ ಹೂತ ಬೀಜಕ್ಕೆ ಯಾವ ಸನ್ನೆಯೂ ತಲಪದು.

ಹಾಗಾದರೆ ನಮ್ಮ ಹೆಜ್ಜೆಗಳಲ್ಲಿ ಕೆಲಸಮಾಡಿದ್ದು ಆಳವೋ, ಒತ್ತೋ, ಬೆಳಕೋ? ಒಂದು ಹೆಜ್ಜೆಯ ಗುರುತನ್ನು ನೋಡಿ ಇದನ್ನು ಹೇಳಬರುವುದಿಲ್ಲ, ಕಾರಣಗಳನ್ನು ಬೇರ್ಪಡಿಸಬೇಕು. ನಾಲ್ಕು ಕುಂಡಗಳನ್ನು ತೆಗೆದುಕೊಳ್ಳಿ. ಎರಡರಲ್ಲಿ ಬೀಜ ಮೇಲೆಯೇ ಇರಲಿ, ಎರಡರಲ್ಲಿ ಎರಡು ಸೆಂಟಿಮೀಟರು ಆಳದಲ್ಲಿರಲಿ. ಪ್ರತಿ ಜೋಡಿಯಲ್ಲಿಯೂ ಒಂದರ ಮಣ್ಣನ್ನು ಒತ್ತಿ, ಇನ್ನೊಂದನ್ನು ಸಡಿಲವಾಗಿ ಬಿಡಿ. ಬೆಳಕಿನ ಪಾತ್ರವನ್ನು ತಿಳಿಯಲು ಎರಡು ತಟ್ಟೆಗಳಲ್ಲಿ ಒದ್ದೆಯ ಒತ್ತುಕಾಗದದ ಮೇಲೆ ಐವತ್ತೈವತ್ತು ಬೀಜಗಳನ್ನು ಇಟ್ಟು, ಒಂದನ್ನು ಕಿಟಕಿಯ ಬಳಿಯೂ ಇನ್ನೊಂದನ್ನು ಕಪ್ಪು ಕಾಗದದಲ್ಲಿ ಸುತ್ತಿ ಅದರ ಪಕ್ಕದಲ್ಲಿಯೂ ಇಡಿ. ಎಲ್ಲಕ್ಕೂ ಒಂದೇ ಬೀಜ, ಒಂದೇ ಅಳತೆಯ ನೀರು. ಪ್ರತಿದಿನ ಎಣಿಸಿ ಬರೆದಿಡಿ. ಕತ್ತಲ ತಟ್ಟೆಯನ್ನು ಮಾತ್ರ ಕೊನೆಯ ದಿನದವರೆಗೆ ತೆರೆಯಬೇಡಿ. ಇಣಿಕಿ ನೋಡಿದ ಆ ಕ್ಷಣದ ಬೆಳಕೇ ಪ್ರಯೋಗವನ್ನು ಕೆಡಿಸಬಹುದು. ಬೆಲೆಯುಳ್ಳ ಉಪಕರಣವೊಂದೂ ಇದಕ್ಕೆ ಬೇಡ.

ಬಿತ್ತುವ ಕ್ರಮ

ಕಾರಣ ಯಾವುದೇ ಆಗಿರಲಿ, ಕ್ರಮ ಸ್ಪಷ್ಟವಾಯಿತು. ಹೂವು ಉದುರಿದ ಮೇಲೂ ಗೆಣ್ಣಿನ ಚೆಂಡಿನಲ್ಲಿ ಹಸುರು ಬಟ್ಟಲುಗಳು ಉಳಿದಿರುತ್ತವೆ. ಒಂದೊಂದರ ತಳದಲ್ಲಿ ನಾಲ್ಕು ಬೀಜಗಳಿರುತ್ತವೆ. ಬಟ್ಟಲು ಕಂದುಬಣ್ಣಕ್ಕೆ ತಿರುಗಿದಾಗ ಚೆಂಡುಗಳನ್ನು ಕತ್ತರಿಸಿ, ಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ, ತಲೆಕೆಳಗೆ ಮಾಡಿ ತಟ್ಟಿದರೆ ಬೀಜ ಉದುರುತ್ತದೆ. ಒಂದೆಡೆಯ ಬೀಜವನ್ನೆಲ್ಲ ಬಾಚಿಕೊಳ್ಳಬಾರದು. ಹೆಚ್ಚಿನ ಪಾಲನ್ನು ಅಲ್ಲಿಯೇ ಬಿಡಬೇಕು. ಚೆನ್ನಾಗಿ ಒಣಗಿದ ಬೀಜವನ್ನು ಬಿಗಿಯಾದ ಮುಚ್ಚಳದ ಶೀಸೆಯಲ್ಲಿಟ್ಟು ತಂಪಾದ ಎಡೆಯಲ್ಲಿ ಇಡತಕ್ಕದ್ದು. ಬೀಜದ ತೇವ ನೂರಕ್ಕೆ ಒಂದು ಭಾಗ ಕಡಮೆಯಾದರೆ ಅದರ ಬಾಳಿಕೆ ಸುಮಾರಾಗಿ ಇಮ್ಮಡಿಯಾಗುತ್ತದೆ. ಉಷ್ಣತೆ ಐದು ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. ಇದು ಬೀಜಶಾಸ್ತ್ರಜ್ಞ ಹ್ಯಾರಿಂಗ್ಟನ್ ಕೊಟ್ಟ ಸ್ಥೂಲ ನಿಯಮ.

ಮುಂಗಾರು ನೆಲೆಗೊಂಡ ಮೇಲೆ ನೆಲವನ್ನು ಆಳವಾಗಿ ಅಗೆಯದೆ, ಕುಂಟೆಹಲ್ಲಿನಿಂದ ತುಸು ಗೀರಿದರೆ ಸಾಕು. ಒಂದು ಹಿಡಿ ಬೀಜಕ್ಕೆ ಹತ್ತು ಹಿಡಿ ಒಣ ಮರಳನ್ನು ಬೆರಸಿದರೆ ಎರಚುವಾಗ ಸಮನಾಗಿ ಹರಡುತ್ತದೆ. ಮರಳಿನ ಬಣ್ಣದಿಂದ ಎಲ್ಲಿ ಎರಚಿದ್ದಾಯಿತೆಂಬುದೂ ತಿಳಿಯುತ್ತದೆ. ಅನಂತರ ಹಲಗೆಯಿಂದಲೋ ಕಾಲಿನಿಂದಲೋ ಒತ್ತಬೇಕು, ಮಣ್ಣು ಮುಚ್ಚಬಾರದು. ಇಳಿಜಾರಿನಲ್ಲಿ ಬೀಜ ತೊಳೆದುಹೋಗದಂತೆ ಅಡ್ಡಲಾಗಿ ಕಡ್ಡಿಗಳನ್ನೂ ತೆಳುವಾಗಿ ಹುಲ್ಲನ್ನೂ ಹಾಸಬಹುದು. ಸಸಿಗಳು ನಾಲ್ಕೆಲೆಯಾಗುವವರೆಗೆ ಮಳೆ ಕೈಕೊಟ್ಟರೆ ಮಾತ್ರ ನೀರು ಚಿಮುಕಿಸಬೇಕು.

ನಾವು ಹೀಗೆಯೇ ಮತ್ತೆ ಬಿತ್ತಿದೆವು. ದಸರೆಯ ಹೊತ್ತಿಗೆ ಇಳಿಜಾರಿನ ಬಹುಭಾಗ ಬಿಳಿಯ ಹೂಗಳಿಂದ ತುಂಬಿತ್ತು. ಹರಿದುಬರುವ ನೀರನ್ನು ಎರಡು ಗಾಜಿನ ಶೀಸೆಗಳಲ್ಲಿ ಹಿಡಿದಿಟ್ಟೆವು. ಒಂದು ತುಂಬೆಯಿದ್ದ ಕಡೆಯದು, ಇನ್ನೊಂದು ದಟ್ಟ ನೆರಳಿನಿಂದಾಗಿ ಸಸಿ ಏಳದೆ ಬೋಳಾಗಿಯೇ ಉಳಿದ ಮೂಲೆಯದು. ಮರುದಿನ ಬೆಳಗ್ಗೆ ತಳದಲ್ಲಿ ನಿಂತ ಮಣ್ಣಿನ ಮಟ್ಟಗಳನ್ನು ಹೋಲಿಸಲು ಅಳತೆಯ ಕಡ್ಡಿಯೇ ಬೇಕಾಗಲಿಲ್ಲ. ಎರಡು ಶೀಸೆಗಳಿಂದ ಸಿದ್ಧಾಂತವನ್ನು ಕಟ್ಟಲಾಗದು, ನಿಜ. ಆದರೆ ಮಿತ್ರರ ಮನೆಯಲ್ಲಿ ಅಂದಿನಿಂದ ತರಗೆಲೆ ಸುಡುವುದು ನಿಂತಿತು.

ತುಂಬೆಗೂ ಮಿತಿಗಳಿವೆ. ಅದು ಒಂದು ವರ್ಷದ ಬಾಳಿನ ಗಿಡ, ಬೇಸಗೆಗೆ ಒಣಗುತ್ತದೆ. ಆಗ ಅದನ್ನು ಕೀಳಬಾರದು. ಬೇರು ಮಣ್ಣನ್ನು ಹಿಡಿದಿರುತ್ತದೆ, ಒಣಗಿದ ಕಡ್ಡಿಗಳು ಬೇಸಗೆಯ ಮೊದಲ ಬಿರುಮಳೆಯ ಪೆಟ್ಟನ್ನು ತಾಳುತ್ತವೆ, ಉದುರಿದ ಬೀಜ ಮುಂದಿನ ವರ್ಷದ ಹೊದಿಕೆಯಾಗುತ್ತದೆ. ನೆಲಕ್ಕಂಟಿ ಹರಡುವ, ನೀಲಿ ಹೂವಿನ ವಿಷ್ಣುಕ್ರಾಂತಿಯನ್ನು ಜೊತೆಗೆ ಬೆಳೆಸಿದರೆ ಇನ್ನೂ ಮೇಲು. ರಾಗಿಯ ಹೊಲದೊಳಗೆ ತುಂಬೆ ಕಳೆಯೇ ಸರಿ. ಅಲ್ಲಿ ಅದನ್ನು ಕೀಳುವ ರೈತನನ್ನು ಯಾರೂ ದೂಷಿಸಲಾಗದು. ಅದರ ಎಡೆ ಬದು, ಬೇಲಿ, ಶಾಲೆಯ ಅಂಗಳದ ಅಂಚು, ಮನೆಯ ಹಿಂದಿನ ಇಳಿಜಾರು.

ಕಳೆದ ವರ್ಷ ಬೀಜಕ್ಕೆಂದು ಹೋದಾಗ ಬೇಲಿಯಾಚೆಯ ಹಿರಿಯರು ಮತ್ತೆ ಸಿಕ್ಕಿದರು. “ಹೊಲದಾಗಿಂದು ಕಿತ್ತೆ ಮೇಷ್ಟ್ರೇ, ಬದಿನ ಮೇಲಿಂದು ಬಿಟ್ಟಿದೀನಿ. ಬೇಕಾದ್ರೆ ಬಂದು ಬೀಜ ತಗೊಂಡು ಹೋಗಿ” ಎಂದರು. ನಾವು ಹೋಗಿ ತಂದೆವು.

ನಿಮ್ಮ ಶಾಲೆಯ ಸುತ್ತಲೂ ಬೋಳು ನೆಲವಿದ್ದೇ ಇರುತ್ತದೆ. ಮುಂದಿನ ಮಳೆಯಲ್ಲಿ ಅಲ್ಲಿಂದ ಹರಿಯುವ ನೀರನ್ನು ಒಂದು ಶೀಸೆಯಲ್ಲಿ ಹಿಡಿದು, ಒಂದು ರಾತ್ರಿ ಅಲುಗಿಸದೆ ಇಟ್ಟು ನೋಡಿ. ತಳದಲ್ಲಿ ಎಷ್ಟು ಮಣ್ಣು ನಿಂತಿತೆಂಬುದನ್ನು ಕಂಡ ಮೇಲೆ, ಬೀಜ ಕೂಡಿಸಲು ಯಾರೂ ನಿಮಗೆ ಹೇಳಿಕೊಡಬೇಕಾಗುವುದಿಲ್ಲ.